ಪೈರಸಿ ಮಾಡಬಹುದಾ, ಬೇಡವಾ? ಹಾಡು, ಸಿನಿಮಾ, ಗೇಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವರ ಹತ್ತಿರ ಜನ ಲ್ಯಾಪ್‌ಟಾಪ್ ಜೊತೆಗೆ ಇನ್ನೂ ಒಂದಿಷ್ಟು ಪ್ರಶ್ನೆ ತರುತ್ತಾರೆ. ಆ ಪಿಕ್ಚರ್ ಎಲ್ಲಿ ಸಿಗುತ್ತೆ, ಈ ಗೇಮ್ ಹಾಕಿ ಕೊಡ್ತೀರಾ, ಹಾಕಿಕೊಂಡರೆ ತಪ್ಪೇನು. ಕೌಂಟರಿನಲ್ಲಿ ನಿಂತು ಒಬ್ಬೊಬ್ಬರಿಗೂ ಪುರಾಣ ಹೇಳುವುದಕ್ಕೆ ಆಗುವುದಿಲ್ಲ, ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಅದಕ್ಕೆ ಇಲ್ಲಿ ಬರೆದಿಟ್ಟಿದ್ದೇನೆ. ಬೇಕಾದ ಕಡೆ ಕಾನೂನು ಹೇಳಿದ್ದೇನೆ, ಆದರೆ ನಾನು ವಕೀಲನಲ್ಲ. ಮನೆಯಲ್ಲಿ ಕೂತು ಡೌನ್‌ಲೋಡ್ ಮಾಡಿದರೆ ಸಾಮಾನ್ಯವಾಗಿ ಯಾರೂ ಬಂದು ಹಿಡಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಯಾರೂ ಹಿಡಿಯದಿದ್ದಾಗ ಏನು ಮಾಡಬೇಕು ಅನ್ನೋದೇ ಇಲ್ಲಿಯ ವಿಷಯ.

ನೇರವಾಗಿ ಹೇಳಿ, ಇದು ಕಳ್ಳತನವೋ ಅಲ್ಲವೋ?

ಅಂಗಡಿಯಿಂದ ಮೊಬೈಲ್ ಎತ್ತಿಕೊಂಡು ಹೋದರೆ ಅಂಗಡಿಯವನ ಹತ್ತಿರ ಆ ಮೊಬೈಲ್ ಇರುವುದಿಲ್ಲ. ಹಾಡು ಕಾಪಿ ಮಾಡಿಕೊಂಡರೆ ಹಾಡು ಅಲ್ಲೇ ಇರುತ್ತದೆ. ಹಾಗಾಗಿ ಕಳ್ಳತನ ಅನ್ನೋ ಮಾತು ಪೂರ್ತಿ ಕೂಡಿಬರುವುದಿಲ್ಲ. ಕಾನೂನು ಕೂಡ ಇದನ್ನು ಕಳ್ಳತನದ ಕಲಮಿಗೆ ಸೇರಿಸದೆ 1957ರ ಕಾಪಿರೈಟ್ ಕಾಯ್ದೆಯಲ್ಲಿ ಬೇರೆಯಾಗಿಯೇ ಇಟ್ಟಿದೆ. ಹಾಗಂತ ಏನೂ ತಪ್ಪಿಲ್ಲ ಅಂತಲ್ಲ. ಜಾತ್ರೆಗೆ ನಾಟಕ ಕಂಪನಿ ಬಂದಿದೆ ಅಂದುಕೊಳ್ಳಿ. ಟಿಕೆಟ್ ತೆಗೆಸದೆ ಹಿಂದಿನ ತಗಡು ಸರಿಸಿ ಒಳಗೆ ನುಸುಳಿದವನು ಯಾರ ಕುರ್ಚಿಯನ್ನೂ ಕಸಿದುಕೊಂಡಿಲ್ಲ, ಖಾಲಿ ಇದ್ದ ಜಾಗದಲ್ಲಿ ಕೂತಿದ್ದಾನೆ, ನಟರೇನೂ ಅವನಿಗೋಸ್ಕರ ಜಾಸ್ತಿ ಡೈಲಾಗ್ ಹೇಳಿಲ್ಲ. ಒಬ್ಬನಾದರೆ ಮಾಲೀಕ ಬೈದು ಬಿಟ್ಟುಬಿಡುತ್ತಾನೆ. ಅರ್ಧ ಊರೇ ತಗಡು ಸರಿಸಿದರೆ ಮುಂದಿನ ವರ್ಷ ಆ ಕಂಪನಿ ನಮ್ಮ ಜಾತ್ರೆಗೆ ಬರುವುದಿಲ್ಲ. ಬಂದರೂ ಹಾರ್ಮೋನಿಯಂ ಮಾಸ್ತರರನ್ನು ಬಿಟ್ಟು ಬಂದಿರುತ್ತದೆ. ಪೈರಸಿಯನ್ನು ನಾನು ನೋಡುವುದು ಹೀಗೆ. ಏನೋ ತೆಗೆದುಕೊಂಡದ್ದು ದೊಡ್ಡದಲ್ಲ, ಕೊಡಬೇಕಾದ್ದನ್ನು ಕೊಡದೇ ಎದ್ದು ಬಂದದ್ದು ತಪ್ಪು.

ಎಲ್ಲಾರೂ ಮಾಡ್ತಾರ, ನಾ ಒಬ್ಬಾಂವ ಬಿಟ್ರ ಏನ್ ಆಗ್ತೈತ್ರಿ?

ದೊಡ್ಡ ಹಾಲಿವುಡ್ ಸಿನಿಮಾಕ್ಕೆ ಏನೂ ಆಗುವುದಿಲ್ಲ, ನಿಜ. ಕನ್ನಡದ ಸಣ್ಣ ಸಿನಿಮಾಕ್ಕೆ ಆಗುತ್ತದೆ. ಇಲ್ಲಿ ಲೆಕ್ಕ ಬಹಳ ಬಿಗಿ. ಶುಕ್ರವಾರ ಬಿಡುಗಡೆ, ಶನಿವಾರ ರವಿವಾರ ಎಷ್ಟು ಜನ ಬಂದರು ಅಂತ ನೋಡಿ ಸೋಮವಾರವೇ ಶೋ ಕಡಿಮೆ ಮಾಡುತ್ತಾರೆ, ಮುಂದಿನ ಶುಕ್ರವಾರ ಇನ್ನೊಂದು ಸಿನಿಮಾ ಬಂತೆಂದರೆ ಇದು ಹೊರಗೆ. ಗದಗ, ಹಾವೇರಿಯಂಥ ಊರಿನಲ್ಲಿ ತೆರೆಗಳೇ ಕಡಿಮೆ. ಸ್ಟಾರ್ ಇಲ್ಲದ ಸಿನಿಮಾದ ಸಂಜೆ ಶೋಗೆ ಹತ್ತು ಜನ ಜಾಸ್ತಿ ಬಂದರೂ ಅದು ಇನ್ನೊಂದು ವಾರ ಉಳಿಯಬಹುದು.

ನಮ್ಮ ಕಡೆಯ ಮಾತಿನಲ್ಲಿ ಸಿನಿಮಾ ಬರಲಿ ಅಂತ ಆಸೆಪಡುವವರೇ ಮೊದಲ ವಾರ ಮೊಬೈಲಿನಲ್ಲಿ ನೋಡಿ ಮುಗಿಸಿದರೆ, ದುಡ್ಡು ಹಾಕುವವರು 'ಆ ಕಡೆ ಕಲೆಕ್ಷನ್ ಇಲ್ಲ' ಅಂತ ಗಂಟು ಹಾಕಿಕೊಂಡುಬಿಡುತ್ತಾರೆ. ಆಮೇಲೆ ಧಾರವಾಡದ ಭಾಷೆ ಅಂದರೆ ಬರೀ ಕಾಮಿಡಿ ಪಾತ್ರಕ್ಕೆ ಅಂತ ಕಟ್ಟೆ ಮೇಲೆ ಕೂತು ಬೈಯುವವರೂ ನಾವೇ.

ಟಿಕೆಟ್ ರೇಟ್ ನೋಡಿದ್ದೀರಾ? ನಾಲ್ಕು ಜನ ಹೋದರೆ ಸಾವಿರ ರೂಪಾಯಿ ಹೋಗುತ್ತೆ.

ನೋಡಿದ್ದೇನೆ. ಪಾಪ್‌ಕಾರ್ನ್ ಬಿಲ್ಲನ್ನೂ ನೋಡಿದ್ದೇನೆ. 2025ರಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಗಿಂತ ಜಾಸ್ತಿ ಇರಬಾರದು ಅಂತ ನಿಯಮ ತಂದಿತು, ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ದುಬಾರಿ ಅನ್ನೋ ದೂರು ಸುಳ್ಳಲ್ಲ.

ಆದರೆ ಬಿಡುಗಡೆಯಾದ ಮರುದಿನವೇ ಪ್ರಿಂಟ್ (ಥಿಯೇಟರಿನಲ್ಲಿ ಕದ್ದು ರೆಕಾರ್ಡ್ ಮಾಡಿದ ಪ್ರತಿ) ಕೇಳಿಕೊಂಡು ಬರುವವರಲ್ಲಿ ದುಡ್ಡಿಲ್ಲದವರು ಕಡಿಮೆ, ತಾಳ್ಮೆ ಇಲ್ಲದವರು ಜಾಸ್ತಿ. ಕೈಯಲ್ಲಿ ಇರುವ ಫೋನು ನೋಡಿದರೇ ಗೊತ್ತಾಗುತ್ತದೆ. ದುಡ್ಡಿನದೇ ಕಷ್ಟ ಅನ್ನೋದಾದರೆ ಮಾಲ್ ಬಿಟ್ಟು ಸಿಂಗಲ್ ಸ್ಕ್ರೀನಿಗೆ ಹೋಗಬಹುದು. ಅದೂ ಆಗದಿದ್ದರೆ ಕಾಯಬಹುದು, ಹೆಸರು ಮಾಡಿದ ಸಿನಿಮಾ ಒಂದಲ್ಲ ಒಂದು ದಿನ ಒಟಿಟಿಗೋ ಹಬ್ಬದ ದಿನ ಟಿವಿಗೋ ಬಂದೇ ಬರುತ್ತದೆ. ಈಗಲೇ ಬೇಕು, ಪುಕ್ಕಟೆ ಬೇಕು, ಮನೆಯಲ್ಲೇ ಬೇಕು ಅಂದರೆ ಅದಕ್ಕೆ ಬಡತನದ ಹೆಸರು ಹೇಳಬೇಡಿ.

ಥಿಯೇಟರ್ ಪ್ರಿಂಟ್ ಒಂದು ಸಲ ನೋಡಿ ಡಿಲೀಟ್ ಮಾಡಿದರೆ?

ಅಂಥ ಪ್ರಿಂಟ್ ಒಂದನ್ನು ಸುಮ್ನೆ ಗಮನವಿಟ್ಟು ನೋಡಿ. ಪರದೆ ವಾರೆಯಾಗಿರುತ್ತದೆ. ಎಡಗಡೆ ಮೂಲೆಯಲ್ಲಿ ಯಾರದೋ ತಲೆ. ಯಾರೋ ಎದ್ದು ಹೋದರೆ ಹೀರೋಯಿನ್ ಮುಖದ ಮೇಲೆ ನೆರಳು ಹಾದುಹೋಗುತ್ತದೆ. ಡೈಲಾಗಿಗಿಂತ ಸೀಟಿ ಜೋರು. ಅದರ ಮೇಲೆ, ಅಳುವ ಸೀನ್ ನಡೆಯುತ್ತಿರುವಾಗಲೇ, ಬೆಟ್ಟಿಂಗ್ ಆ್ಯಪಿನ ಜಾಹೀರಾತು ಪಟ್ಟಿ ಓಡುತ್ತಿರುತ್ತದೆ. ಪುಕ್ಕಟೆ ಸಿನಿಮಾದ ಖರ್ಚು ಯಾರು ಕೊಡುತ್ತಿದ್ದಾರೆ ಅಂತ ಆ ಪಟ್ಟಿ ನೋಡಿದರೆ ಸಾಕು. ಬೆಟ್ಟಿಂಗಿನಲ್ಲಿ ಸಾಲ ಮಾಡಿಕೊಂಡ ಹುಡುಗರು ನಮ್ಮ ಓಣಿಗಳಲ್ಲೇ ಇದ್ದಾರೆ. ಸಿನಿಮಾದವರ ಮೇಲೆ ಕನಿಕರ ಇಲ್ಲದಿದ್ದರೂ ಈ ಬೆಟ್ಟಿಂಗ್ ನಡೆಸುವವರ ಜೇಬು ತುಂಬಬೇಡಿ.

ಇನ್ನು ರೆಕಾರ್ಡ್ ಮಾಡುವವರ ವಿಷಯ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಕಾಪಿ ಮಾಡುವ ಉದ್ದೇಶದಿಂದ ಥಿಯೇಟರಿನಲ್ಲಿ ರೆಕಾರ್ಡ್ ಮಾಡಿದರೆ ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ ಜೈಲು. ದಂಡ 3 ಲಕ್ಷದಿಂದ ಶುರುವಾಗಿ ಸಿನಿಮಾ ತಯಾರಿಸಿದ ಒಟ್ಟು ಖರ್ಚಿನ ಶೇ. 5ರವರೆಗೂ ಹೋಗಬಹುದು. ಯಾರಿಗೂ ಗೊತ್ತಾಗಲ್ಲ ಅನ್ನುವ ಹಾಗೂ ಇಲ್ಲ. ಡಿಜಿಟಲ್ ಪ್ರೊಜೆಕ್ಟರು ಚಿತ್ರದೊಳಗೇ ಕಣ್ಣಿಗೆ ಕಾಣದ ಗುರುತು ಹಾಕುತ್ತದೆ, ಯಾವ ತೆರೆ, ಎಷ್ಟು ಹೊತ್ತಿನ ಶೋ ಅನ್ನೋದನ್ನು ಪ್ರಿಂಟಿನಿಂದಲೇ ತೆಗೆಯಬಹುದು. ಹೀರೋ ಎಂಟ್ರಿ ಸೀನ್ ಹಿಡಿದು ಸ್ಟೇಟಸ್ ಹಾಕುವ ಅಭಿಮಾನಿಯನ್ನು ಈ ಗ್ಯಾಂಗಿನ ಸಾಲಿಗೆ ನಾನು ಸೇರಿಸುವುದಿಲ್ಲ. ಆದರೂ ಬೇಡ. ಪಕ್ಕದಲ್ಲಿ ಕೂತವರಿಗೆ ನಿಮ್ಮ ಫೋನಿನ ಬೆಳಕು ಬೇಡ.

ನಾನು ಅಪ್‌ಲೋಡ್ ಮಾಡಿಲ್ಲ, ಬರೀ ಟೆಲಿಗ್ರಾಂ ಲಿಂಕ್ ಫಾರ್ವರ್ಡ್ ಮಾಡಿದ್ದು.

ಗೊತ್ತಿದ್ದೂ ನೆರವಾದವರನ್ನೂ ಕಾಪಿರೈಟ್ ಕಾಯ್ದೆಯ 63ನೇ ಕಲಂ ಬಿಡುವುದಿಲ್ಲ: 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಟೊರೆಂಟ್ (ಬಳಸುವವರೇ ಒಬ್ಬರಿಂದೊಬ್ಬರು ಫೈಲ್ ಪಡೆಯುವ ವಿಧಾನ) ಬಳಸುವವರಿಗೆ ಇನ್ನೊಂದು ಮಾತು. ನೀವು ಇಳಿಸಿಕೊಳ್ಳುತ್ತಿರುವಾಗಲೇ ಅದೇ ಫೈಲಿನ ತುಂಡುಗಳನ್ನು ಬೇರೆಯವರಿಗೆ ಕಳಿಸುತ್ತಲೂ ಇರುತ್ತೀರಿ. 'ನಾನು ಹಂಚಿಲ್ಲ' ಅನ್ನೋ ಮಾತು ಅಲ್ಲಿ ನಿಲ್ಲುವುದಿಲ್ಲ.

ನನ್ನ ಮಟ್ಟಿಗೆ ನೋಡುವವನಿಗೂ ಹಂಚುವವನಿಗೂ ವ್ಯತ್ಯಾಸ ಇದೆ, ಹಂಚುವವನಿಗೂ ಅದರಲ್ಲಿ ದುಡ್ಡು ಮಾಡುವವನಿಗೂ ಇನ್ನೂ ದೊಡ್ಡ ವ್ಯತ್ಯಾಸ ಇದೆ. ದುಡ್ಡು ಮಾಡುವವನ ಪರವಾಗಿ ಹೇಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ದುಡ್ಡೆಲ್ಲ ಕಂಪನಿಗೆ ಹೋಗುತ್ತೆ, ಹಾಡಿದವರಿಗೆ ಏನು ಸಿಗುತ್ತೆ?

ಬಹಳ ಕಾಲ ಈ ಮಾತಿನಲ್ಲಿ ಸತ್ಯ ಇತ್ತು. ಹಾಡು ಬರೆದವರು, ಸಂಗೀತ ಮಾಡಿದವರು ಒಂದು ಸಲ ದುಡ್ಡು ತಗೊಂಡು ಸಹಿ ಹಾಕಿದರೆ ಮುಗೀತು. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಅದನ್ನು ಬದಲಿಸಿತು. ಸಿನಿಮಾದ ಹಾಡು ಥಿಯೇಟರಿನ ಹೊರಗೆ ಬೇರೆ ಕಡೆ ಬಳಕೆಯಾದಾಗ ಬರೆದವರಿಗೂ ಸಂಗೀತ ಕೊಟ್ಟವರಿಗೂ ಬರುವ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಡುವ ಹಾಗೇ ಇಲ್ಲ ಅಂತ ಮಾಡಿತು. ಪಾಲು ಸಣ್ಣದು, ಒಪ್ಪಿದೆ. ಪೆನ್‌ಡ್ರೈವಿಗೆ ತುಂಬಿಸಿಕೊಂಡ ಎಂಪಿ3ಯಿಂದ ಆ ಸಣ್ಣದೂ ಹೋಗುವುದಿಲ್ಲ. ಅದೂ ಅಲ್ಲದೆ ಹಾಡಿನ ವಿಷಯದಲ್ಲಿ ಈಗ ನೆಪವೇ ಉಳಿದಿಲ್ಲ, ಕಂಪನಿಗಳೇ ತಮ್ಮ ಯೂಟ್ಯೂಬ್ ಚಾನೆಲ್ಲಿನಲ್ಲಿ ಪುಕ್ಕಟೆ ಇಟ್ಟಿವೆ. ಎರಡು ಜಾಹೀರಾತು ನೋಡುವಷ್ಟು ಪುರುಸೊತ್ತು ಇಲ್ಲವೇ?

ಶರೀಫರ ಪದ, ಬೇಂದ್ರೆ ಹಾಡು, ಹಳೇ ಶಾಸ್ತ್ರೀಯ ಸಂಗೀತ. ಇವಕ್ಕೂ ಕಾಪಿರೈಟ್ ಇದೆಯಾ?

ಒಂದೊಂದಕ್ಕೆ ಒಂದೊಂದು ಉತ್ತರ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಪದಗಳು ಎಲ್ಲರವು. ಹಾಡಿ, ಅಚ್ಚು ಹಾಕಿಸಿ, ಯೂಟ್ಯೂಬಿಗೆ ಬಿಡಿ. ಆದರೆ ಆ ಪದಕ್ಕೆ ಯಾರೋ ಹೊಸದಾಗಿ ಧಾಟಿ ಕೂರಿಸಿದ್ದರೆ ಆ ಧಾಟಿ ಅವರದು, ಸ್ಟುಡಿಯೋದಲ್ಲಿ ಆದ ರೆಕಾರ್ಡಿಂಗು ಅದನ್ನು ಮಾಡಿಸಿದವರದು. 'ಶರೀಫಜ್ಜನ ಹಾಡಲ್ವಾ' ಅಂತ ಆಲ್ಬಂ ಎತ್ತಿ ನಿಮ್ಮ ಚಾನೆಲ್ಲಿಗೆ ಹಾಕಿಕೊಂಡರೆ ನೀವು ಎತ್ತಿದ್ದು ಶರೀಫಜ್ಜನದಲ್ಲ, ತಬಲಾ, ಕೊಳಲು ನುಡಿಸಿದವರ ಕೆಲಸ.

ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಬರೆದವರು ಹೋದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ, ಅಂದರೆ 2041ರ ಕೊನೆಯವರೆಗೆ. ರೆಕಾರ್ಡಿಂಗಿಗೆ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರರು 1930ರ ದಶಕದಲ್ಲಿ ಕೊಟ್ಟ ಗ್ರಾಮಫೋನ್ ತಟ್ಟೆಗಳ ಅವಧಿ ಯಾವತ್ತೋ ಮುಗಿದಿದೆ. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟರಲ್ಲೇ ರಾಗ ಎದುರು ನಿಲ್ಲಿಸುತ್ತಿದ್ದರು. ಧಾರಾಳವಾಗಿ ಹಂಚಿ, ಜನ ಕೇಳಲಿ. ಗದಗಿನ ಭೀಮಸೇನ ಜೋಶಿಯವರ 70, 80ರ ದಶಕದ ಎಲ್‌ಪಿ, ಕ್ಯಾಸೆಟ್ಟುಗಳಿಗೆ ಮಾತ್ರ ಇನ್ನೂ ಹಕ್ಕಿದೆ.

ಧಾರವಾಡದಲ್ಲಿ ಬೈಠಕ್ಕಿಗೆ (ಕೆಲವೇ ಜನರ ಎದುರು ನಡೆಯುವ ಸಣ್ಣ ಸಂಗೀತ ಕಛೇರಿಗೆ) ಹೋಗಿದ್ದೆ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಇದೂ ಪೈರಸಿನಾ?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಬಹಳ. ಹಾಡುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ. 1994ರಲ್ಲಿ ಅದು ಕಾಯ್ದೆಗೆ ಸೇರಿತು. ಅವರನ್ನು ಕೇಳದೆ ಹಿಡಿದು ಹಂಚುವುದಕ್ಕೆ ಕಾನೂನಿನ ಬೆಂಬಲ ಇಲ್ಲ.

ಕಾನೂನಿಗಿಂತ ಮೊದಲು ಇನ್ನೊಂದು ವಿಷಯ ಇದೆ. ನಮ್ಮ ಕಡೆಯ ಎಷ್ಟೋ ಗಾಯಕರು ಬದುಕುವುದು ಪಾಠ ಹೇಳಿ, ತಿಂಗಳಿಗೆ ಒಂದೋ ಎರಡೋ ಕಾರ್ಯಕ್ರಮ ಕೊಟ್ಟು. ಗಂಟಲು ಸರಿ ಇಲ್ಲದ ಒಂದು ಸಂಜೆ, ಇಪ್ಪತ್ತು ಜನ ಗೆಳೆಯರ ಎದುರು, ಹೊಸ ರಾಗ ಹಿಡಿದು ಸಾಹಸ ಮಾಡುತ್ತಾರೆ, ಒಂದು ತಾನ್ (ವೇಗವಾಗಿ ಹಾಡುವ ಸ್ವರಗಳ ಸಾಲು) ಅರ್ಧಕ್ಕೆ ಜಾರುತ್ತದೆ, ನಕ್ಕು ಮತ್ತೆ ಹಿಡಿಯುತ್ತಾರೆ. ಬೈಠಕ್ಕಿನ ಸೊಗಸೇ ಅದು. ಮೂರನೇ ಸಾಲಿನಲ್ಲಿ ಕೂತವರು ಆ ಜಾರಿದ ತಾನನ್ನೇ ಯೂಟ್ಯೂಬಿಗೆ ಹಾಕಿದರೆ ಪುಣೆಯಲ್ಲಿ ಕಾರ್ಯಕ್ರಮ ಇಡುವವರು ಮೊದಲು ನೋಡುವುದು ಅದನ್ನೇ. ಆಮೇಲೆ ಆ ಗಾಯಕರು ಸಣ್ಣ ಬೈಠಕ್ಕಿನಲ್ಲೂ ಅಂಜಿಕೊಂಡು ಹಾಡುತ್ತಾರೆ. ನಷ್ಟ ಯಾರಿಗೆ?

ಇದರ ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಧಾರವಾಡ ಆಕಾಶವಾಣಿ 1950ರಿಂದ ಇದೆ, ಅದು ದೊಡ್ಡ ಆಸ್ತಿ. ಆದರೆ ಮನೆಗಳಲ್ಲಿ, ಮಠಗಳಲ್ಲಿ ನಡೆದ ಸಂಗೀತ ಉಳಿದಿದ್ದರೆ ಅದು ಯಾರೋ ರಸಿಕರು ಹೆಗಲಿಗೆ ಟೇಪ್ ರೆಕಾರ್ಡರ್ ಹಾಕಿಕೊಂಡು ಹೋಗಿ ಹಿಡಿದಿಟ್ಟಿದ್ದರಿಂದ. ಅವರಿಗೆ ನಾವು ಋಣಿಗಳು. ಆ ಹಿರಿಯರಲ್ಲಿ ಬಹಳ ಜನ ಬುವಾ (ಗಾಯಕರನ್ನು ಗೌರವದಿಂದ ಕರೆಯುವ ಮಾತು) ಅವರನ್ನು ಕೇಳಿಯೇ ಹಿಡಿಯುತ್ತಿದ್ದರು, ಟೇಪನ್ನು ಗುರುತಿದ್ದವರಿಗೆ ಮಾತ್ರ ಕೊಡುತ್ತಿದ್ದರು, ಮಾರುತ್ತಿರಲಿಲ್ಲ. ಈಗಲೂ ಅಷ್ಟು ಮಾಡಿದರೆ ಸಾಕು. ಶುರುವಾಗುವ ಮುಂಚೆ ಹೋಗಿ 'ಬುವಾ, ನಮ್ಮ ಮನೀಗೆ ಅಂತ ರೆಕಾರ್ಡ್ ಮಾಡ್ಕೊಳ್ಳಲೇನ್ರಿ?' ಅಂತ ಕೇಳಿ. ಹೂಂ ಅಂದರೆ ಮಾಡಿಕೊಳ್ಳಿ. ಅಪ್‌ಲೋಡ್ ಮಾಡಬೇಕಿದ್ದರೆ ಮತ್ತೆ ಕೇಳಿ.

ಎಲ್ಲೂ ಸಿಗದ ಹಳೇ ಸಿನಿಮಾ. ಒಟಿಟಿಯಲ್ಲಿ ಇಲ್ಲ, ಡಿವಿಡಿ ಇಲ್ಲ. ಏನು ಮಾಡೋದು?

ಇಲ್ಲಿ ನಾನು ಕಾನೂನಿನ ಜೊತೆ ಪೂರ್ತಿ ಇಲ್ಲ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ತೆರೆಗೆ ಬಂದದ್ದು 1934ರಲ್ಲಿ. ಇವತ್ತು ಅದರ ಪ್ರಿಂಟ್ ಇಲ್ಲ. ಹಕ್ಕು ಯಾರದು ಅಂತ ಜಗಳ ಆಡುವುದಕ್ಕೂ ಅಲ್ಲಿ ಏನೂ ಉಳಿದಿಲ್ಲ. ಆಮೇಲಿನ ಎಷ್ಟೋ ಕನ್ನಡ ಸಿನಿಮಾಗಳು ಯಾರೋ ಟಿವಿಯಿಂದ ವಿಎಚ್‌ಎಸ್ ಟೇಪಿಗೆ ಹಿಡಿದಿಟ್ಟು, ಅದನ್ನು ಇನ್ನಾರೋ ಕಂಪ್ಯೂಟರಿಗೆ ಹಾಕಿದ್ದರಿಂದ ಕಣ್ಣಿಗೆ ಬೀಳುತ್ತಿವೆ.

ಹಾಗಾಗಿ, ಎಲ್ಲೂ ಮಾರಾಟಕ್ಕಿಲ್ಲ ಅಂತ ನಿಜವಾಗಿ ಹುಡುಕಿ ನೋಡಿದ ಮೇಲೆ, ಅಂಥ ಕಾಪಿ ನೋಡಿದರೆ ಯಾರ ಹೊಟ್ಟೆಯ ಮೇಲೂ ಹೊಡೆದ ಹಾಗಲ್ಲ ಅಂತ ನನ್ನ ಅನಿಸಿಕೆ. ಕಾನೂನು ಹಾಗೆ ಅನ್ನುವುದಿಲ್ಲ ಅನ್ನೋದು ನೆನಪಿರಲಿ. 'ಹುಡುಕಿದೆ' ಅಂದರೆ ಒಂದು ಆ್ಯಪ್ ತೆಗೆದು ನೋಡಿದ್ದಲ್ಲ, ನಿರ್ಮಾಪಕರ ಕಡೆಯವರು ಯೂಟ್ಯೂಬಿನಲ್ಲಿ ಅಧಿಕೃತವಾಗಿ ಹಾಕಿದ್ದಾರಾ ಅಂತಲೂ ನೋಡಬೇಕು. ನಾಳೆ ಸರಿಯಾದ ಪ್ರತಿ ಬಂದರೆ ಅದನ್ನೇ ನೋಡಿ, ನಾಲ್ಕು ಜನಕ್ಕೆ ಹೇಳಿ.

ಮಗ ಗೇಮ್ ಕ್ರ್ಯಾಕ್ (ದುಡ್ಡು ಕೊಡದೆ ಆಡಲು ಬೀಗ ಮುರಿದ ಪ್ರತಿ) ಹಾಕಿಕೊಡಿ ಅಂತಾನೆ. ಮೂರು ಸಾವಿರದ ಗೇಮ್ ಕೊಳ್ಳೋಕೆ ನಮ್ಮ ಕೈಲಾಗಲ್ಲ.

ಮೂರು ಸಾವಿರ ಕೊಟ್ಟು ಕೊಳ್ಳಬೇಕು ಅಂತ ಯಾರು ಹೇಳಿದರು? ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ 2015ರಿಂದಲೂ ರೂಪಾಯಿಯಲ್ಲೇ ಬೆಲೆ ಇದೆ. ಒಂದೆರಡು ವರ್ಷ ಹಳೆಯದಾದ ಗೇಮ್ ಸೇಲಿನಲ್ಲಿ ಬಹಳ ಕಡಿಮೆ ಬೆಲೆಗೆ ಇಳಿಯುವುದು ಮಾಮೂಲು. ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್. ಎಪಿಕ್ ಸ್ಟೋರಿನಲ್ಲಿ ಪುಕ್ಕಟೆಯಾಗಿ ಗೇಮ್ ಕೊಡುತ್ತಲೇ ಇರುತ್ತಾರೆ. ಹುಡುಗರಿಗೆ ಇದೆಲ್ಲ ಗೊತ್ತು, ಆದರೆ ಗೆಳೆಯರು ಇವತ್ತು ಆಡುತ್ತಿರುವುದೇ ಬೇಕು.

ಕಾನೂನಿನಲ್ಲಿ ಗೇಮಿಗೆ ಒಂದು ವ್ಯತ್ಯಾಸ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಗೇಮ್ ಅಂದರೆ ಕಂಪ್ಯೂಟರ್ ಪ್ರೋಗ್ರಾಂ. ನಕಲಿ ಅಂತ ಗೊತ್ತಿದ್ದೂ ಪ್ರೋಗ್ರಾಂ ಬಳಸುವುದೇ 63ಬಿ ಕಲಮಿನಲ್ಲಿ ಅಪರಾಧ, 7 ದಿನದಿಂದ 3 ವರ್ಷ ಜೈಲು ಅಂತಿದೆ. ದುಡ್ಡು ಮಾಡಲು ಬಳಸಿಲ್ಲ ಅಂತಾದರೆ ಕೋರ್ಟು ಜೈಲು ಬಿಟ್ಟು 50 ಸಾವಿರದವರೆಗೆ ದಂಡ ಮಾತ್ರ ಹಾಕಬಹುದು.

ಇದಕ್ಕಿಂತ ಹತ್ತಿರದ ಭಯ ಬೇರೆ. ಕ್ರ್ಯಾಕ್ ಜೊತೆ ಒಂದು ನೋಟ್‌ಪ್ಯಾಡ್ ಫೈಲ್ ಬರುತ್ತದೆ, ಅದರಲ್ಲಿ ಮೊದಲ ಸಾಲು ಹೆಚ್ಚಾಗಿ ಒಂದೇ: ಆಂಟಿವೈರಸ್ ಆಫ್ ಮಾಡಿ. ಮನೆಯ ಕೀಲಿ ನೀವೇ ಕೊಟ್ಟ ಮೇಲೆ ಮುಗೀತು. ಅಂಗಡಿಗೆ ಬಂದ ಒಂದು ಲ್ಯಾಪ್‌ಟಾಪಿನಲ್ಲಿ ಏನೂ ತೆರೆಯದೆ ಇದ್ದರೂ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದರೆ ತಟ್ಟನೆ ಸುಮ್ಮನಾಗುತ್ತಿತ್ತು, ಮುಚ್ಚಿದ ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಯಾರಿಗೋ ಕ್ರಿಪ್ಟೊ ದುಡಿದು ಕೊಡುವ ಪ್ರೋಗ್ರಾಂ ಒಳಗೆ ಕೂತಿತ್ತು. ನೋಡುತ್ತಿದ್ದೇವೆ ಅಂತ ಗೊತ್ತಾದರೆ ಅಡಗಿಕೊಳ್ಳುವಷ್ಟು ಜಾಣ. ಅದೇ ಲ್ಯಾಪ್‌ಟಾಪಿನಲ್ಲಿ ಅವರಪ್ಪ ಬ್ಯಾಂಕಿನ ಕೆಲಸವನ್ನೂ ಮಾಡುತ್ತಿದ್ದರು.

ಕೊಂಡರೂ ಗೇಮ್ ನಮ್ಮದಲ್ಲವಂತಲ್ಲ? ಮತ್ತೆ ಯಾಕೆ ಕೊಳ್ಳಬೇಕು?

ಈ ಸಿಟ್ಟು ನ್ಯಾಯವಾದದ್ದು. ಯುಬಿಸಾಫ್ಟ್ ಕಂಪನಿ 'ದಿ ಕ್ರೂ' ಅನ್ನೋ ಕಾರ್ ಗೇಮಿನ ಸರ್ವರನ್ನು 2024ರಲ್ಲಿ ಮುಚ್ಚಿತು. ದುಡ್ಡು ಕೊಟ್ಟವರಿಗೂ ಅದು ಆಡದ ಹಾಗಾಯಿತು. ಅದರಿಂದಲೇ ಯುರೋಪಿನಲ್ಲಿ ಗ್ರಾಹಕರ ದೊಡ್ಡ ಚಳವಳಿ ಎದ್ದಿತು. ಇಂಥ ಕಡೆ, ನೀವು ದುಡ್ಡು ಕೊಟ್ಟು ಕೊಂಡ ಗೇಮನ್ನು ನಡೆಸಿಕೊಳ್ಳಲು ದಾರಿ ಹುಡುಕಿದರೆ ನಾನಂತೂ ಬೊಟ್ಟು ಮಾಡುವುದಿಲ್ಲ. ಆದರೆ ಆ ಸಿಟ್ಟನ್ನು ತೋರಿಸಿ, ನಿನ್ನೆ ಬಂದ ಸಣ್ಣ ತಂಡದ ಗೇಮನ್ನು ಪುಕ್ಕಟೆ ಎತ್ತುವುದು ಬೇರೆ ಕಥೆ. ಬೀಗ ಹಾಕದೆ ಮಾರುವ ಜಿಒಜಿಯಂಥ ಅಂಗಡಿಗಳಿವೆ, ಅಲ್ಲಿ ಕೊಂಡ ಗೇಮಿನ ಇನ್‌ಸ್ಟಾಲರ್ ನಿಮ್ಮ ಹಾರ್ಡ್ ಡಿಸ್ಕಿನಲ್ಲೇ ಇಟ್ಟುಕೊಳ್ಳಬಹುದು.

ಒಟಿಟಿ ಪಾಸ್‌ವರ್ಡ್ ಗೆಳೆಯರ ಜೊತೆ ಹಂಚಿಕೊಂಡರೆ?

ಆಯಾ ಕಂಪನಿಯ ಷರತ್ತು ನೋಡಿ. ನೆಟ್‌ಫ್ಲಿಕ್ಸ್ 2023ರಲ್ಲಿ ಒಂದು ಮನೆಗಷ್ಟೇ ಅಂತ ಮಾಡಿತು. ಹಾಸ್ಟೆಲಿನ ನಾಲ್ಕು ಹುಡುಗರು ಕೂಡಿ ದುಡ್ಡು ಹಾಕುವುದನ್ನು ನಾನು ದೊಡ್ಡ ಪಾಪ ಅನ್ನುವುದಿಲ್ಲ, ಅವರು ಕೊಡುತ್ತಿದ್ದಾರಲ್ಲ.

ಮದುವೆಯಲ್ಲಿ ಹಾಡು ಹಾಕಿದರೆ ದುಡ್ಡು ಕೊಡಬೇಕಾ?

ಬೇಡ. ಮದುವೆ, ಮೆರವಣಿಗೆ, ಅದಕ್ಕೆ ಸಂಬಂಧಿಸಿದ ಸಮಾರಂಭಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ರಾತ್ರಿ ಎಷ್ಟು ಜೋರಾಗಿ ಹಾಕಬಹುದು ಅನ್ನೋದು ಬೇರೆ ಕಾನೂನು.

ನಮ್ಮ ಊರಿನ ಹುಡುಗರ ಜನಪದ ಹಾಡು ಬೇರೆಯವರ ಚಾನೆಲ್ಲಿನಲ್ಲಿ ಇದೆ. ಏನು ಮಾಡಬಹುದು?

ಇದು ಈಗ ನಮ್ಮ ಕಡೆ ದಿನಾ ನಡೆಯುವ ಪೈರಸಿ. ಹಾಡು ಬರೆದು, ಬಾಡಿಗೆ ಸ್ಟುಡಿಯೋದಲ್ಲಿ ಹಾಡಿ, ಹೊಲದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ವಿಡಿಯೊ ಮಾಡಿ ಹಾಕಿರುತ್ತಾರೆ. ಎರಡನೇ ದಿನ ಯಾರೋ ಅದಕ್ಕೆ ಡಿಜೆ ಬೀಟ್ ಸೇರಿಸಿ ತಮ್ಮ ಹೆಸರು ಹಾಕಿ ಬಿಡುತ್ತಾರೆ, ವ್ಯೂಸ್ ಎಲ್ಲ ಅಲ್ಲಿಗೆ. ದೊಡ್ಡ ಸಿನಿಮಾದ ಪೈರಸಿಯನ್ನು 'ಶ್ರೀಮಂತರಿಗೇನು ಕಡಿಮೆ' ಅಂತ ತಳ್ಳಿಹಾಕುವವರು ಇಲ್ಲಿ ಏನು ಹೇಳುತ್ತಾರೋ ನೋಡಬೇಕು.

ಯೂಟ್ಯೂಬಿನಲ್ಲೇ ಕಾಪಿರೈಟ್ ದೂರು ಕೊಡುವ ಫಾರ್ಮ್ ಇದೆ, ದುಡ್ಡು ಬೇಕಾಗಿಲ್ಲ, ವಕೀಲರೂ ಬೇಕಾಗಿಲ್ಲ. ಮೂಲ ವಿಡಿಯೊ ಲಿಂಕ್, ಕದ್ದ ವಿಡಿಯೊ ಲಿಂಕ್, ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕು. ಭಾರತದಲ್ಲಿ ಹಕ್ಕು ಬರುವುದಕ್ಕೆ ನೋಂದಣಿ ಕಡ್ಡಾಯ ಅಲ್ಲ, ರಚನೆ ಆದ ಕೂಡಲೇ ಹಕ್ಕು ಹುಟ್ಟುತ್ತದೆ. ರೆಕಾರ್ಡಿಂಗಿನ ಮೂಲ ಫೈಲುಗಳನ್ನು ಮಾತ್ರ ಡಿಲೀಟ್ ಮಾಡಬೇಡಿ, ಜಗಳ ಬಂದರೆ ಅವೇ ಸಾಕ್ಷಿ. ಒಂದು ಎಚ್ಚರಿಕೆ: ನಿಮ್ಮ ಹಾಡಿನ ಟ್ರ್ಯಾಕನ್ನೇ ಯಾವುದೋ ಸಿನಿಮಾ ಹಾಡಿನಿಂದ ಎತ್ತಿದ್ದರೆ ದೂರು ಕೊಡುವ ಮುಂಚೆ ಎರಡು ಸಲ ಯೋಚನೆ ಮಾಡಿ.

ಹಾರ್ಡ್ ಡಿಸ್ಕ್ ತುಂಬಾ ಹಳೇ ಡೌನ್‌ಲೋಡ್ ಇದೆ. ಎಲ್ಲ ಅಳಿಸಬೇಕಾ?

ಅಳಿಸಿದರೆ ಯಾರಿಗೂ ದುಡ್ಡು ಹೋಗುವುದಿಲ್ಲ. ಗೇಮ್, ಸಾಫ್ಟ್‌ವೇರಿನ ಕ್ರ್ಯಾಕ್‌ಗಳನ್ನು ಮಾತ್ರ ಇವತ್ತೇ ತೆಗೆಯಿರಿ, ಕಾರಣ ಮೇಲೆ ಹೇಳಿದೆ. ಸಿನಿಮಾ, ಹಾಡುಗಳಲ್ಲಿ ನಿಜವಾಗಿ ಮತ್ತೆ ಮತ್ತೆ ನೋಡುವ, ಕೇಳುವ ಒಂದಿಷ್ಟು ಇರುತ್ತವಲ್ಲ, ಅವು ಈಗ ಸರಿಯಾದ ಕಡೆ ಸಿಗುತ್ತವಾ ನೋಡಿ, ಸಿಕ್ಕರೆ ಇನ್ನು ಮುಂದೆ ಅಲ್ಲೇ ನೋಡಿ, ಅಲ್ಲೇ ಕೇಳಿ. ಆ ನಿರ್ದೇಶಕರ ಮುಂದಿನ ಸಿನಿಮಾ ಊರಿಗೆ ಬಂದಾಗ ಮೊದಲ ರವಿವಾರವೇ ಮನೆಮಂದಿ ಜೊತೆ ಹೋಗಿ. ಉಳಿದದ್ದನ್ನು ನೀವು ತೆರೆದು ನೋಡಿರುವುದೇ ಇಲ್ಲ, ಅಳಿಸಿದರೆ ಡಿಸ್ಕಿನಲ್ಲಿ ಜಾಗ ಆಗುತ್ತದೆ.